ಹೆಂಗಸರ ಪಾಲಿನ ಮೀನು

ಕಳೆದ ಭಾನುವಾರ ನಾನು ಶಿವಾಜಿನಗರಕ್ಕೆ ಹೋಗಿದ್ದು ಮೀನಿಗಲ್ಲ. ನನ್ನ ಜೊತೆ ಕಮ್ಮನಹಳ್ಳಿಯ ರೂಮಿನಲ್ಲಿರುವ ರೇಣುಕಾಗೆ ತಂಗಿಯ ಮದುವೆಗೆ ಬಟ್ಟೆ ತೆಗೆಯಬೇಕಿತ್ತು. ಬಣ್ಣ ಆರಿಸಲು ಇನ್ನೊಬ್ಬರು ಬೇಕೆಂದು ನನ್ನನ್ನು ಎಳೆದುಕೊಂಡು ಹೋಗಿದ್ದಳು. ಬಸ್ಸಿಳಿದು ರಸೆಲ್ ಮಾರ್ಕೆಟ್ಟಿನ ಪಕ್ಕದಿಂದ ಹಾಯುವಾಗ ಮೀನಿನ ಸಾಲು ಬಂತು. ರೇಣುಕಾ ವೇಲಿನಿಂದ ಮೂಗು ಮುಚ್ಚಿಕೊಂಡು ಓಡಿದಳು. ನಾನು ನಿಂತುಬಿಟ್ಟೆ. ಸಮುದ್ರದ ಮೀನಿನ ವಾಸನೆ ಬೇರೆ, ಕೆರೆಯ ಮೀನಿನ ವಾಸನೆ ಬೇರೆ. ಸಮುದ್ರದ್ದಕ್ಕೆ ಉಪ್ಪು, ಐಸಿನ ವಾಸನೆ ಸೇರಿರುತ್ತದೆ. ಕೆರೆಯದ್ದಕ್ಕೆ ಕೆಸರು, ಕೊಳೆತ ಜೊಂಡು, ಒದ್ದೆ ಬಲೆಯ ವಾಸನೆ. ಸಾಲಿನ ಕೊನೆಯಲ್ಲಿ ಒಬ್ಬ ಹೆಂಗಸು ಪ್ಲಾಸ್ಟಿಕ್ ಚೀಲ ಹಾಸಿ ಬೆರಳುದ್ದದ ಮೀನುಗಳ ಸಣ್ಣ ಗುಡ್ಡೆ ಹಾಕಿಕೊಂಡು ಕೂತಿದ್ದಳು. ನಾನು ಕುಕ್ಕರುಗಾಲಿನಲ್ಲಿ ಕೂತು ಗುಡ್ಡೆಯೊಳಗೆ ಕೈ ಹಾಕಿದೆ.

"ತಗೊಳ್ಳೋದಾದ್ರೆ ಮುಟ್ಟಿ ಮೇಡಂ, ಸುಮ್ನೆ ಕೆದಕ್ಬೇಡಿ" ಅಂದಳು ಆಕೆ.

ದೂರದಿಂದ ರೇಣುಕಾ ಕೂಗಿದಳು: "ಏ ಹುಚ್ಚಿ! ತಿನ್ನಾಕಿ ಅಲ್ಲ, ಮಾಡಾಕಿ ಅಲ್ಲ, ಅದನ್ಯಾಕ ಮುಟ್ಟಾಕತ್ತಿ?"

ಎದ್ದು ಬಂದೆ. ಸೀರೆ ಅಂಗಡಿಯಲ್ಲಿ ಅವಳು ಹಸಿರು ತೋರಿಸಿದರೂ ಹೂಂ, ನೀಲಿ ತೋರಿಸಿದರೂ ಹೂಂ ಅಂದು ಬೈಸಿಕೊಂಡೆ. ನನ್ನ ತಲೆಯಲ್ಲಿ ಮೂರು ವರ್ಷದ ಹಿಂದಿನ ಒಂದು ಕೆರೆ ತುಂಬಿಕೊಂಡಿತ್ತು. ಆ ವರ್ಷದ ಮಳೆಗಾಲ ಹಿಡಿದು ಸಂಕ್ರಾಂತಿಯ ಚಳಿಯವರೆಗೆ ನಾನು ಅಲ್ಲಿ ಮೀನು ಎಣಿಸಿದ್ದೆ. ಎಣಿಸಿದ್ದೆ ಅನ್ನಲು ನಾಚಿಕೆಯಾಗುತ್ತದೆ, ಆದರೂ ಸಂಬಳ ಅದಕ್ಕೇ ಕೊಟ್ಟಿದ್ದು.

ನಮ್ಮದು ಸುರಪುರದ ಕಡೆ. ಮನೆಯೊಳಗೆ ಮೊಟ್ಟೆ ಕೂಡ ತರುವಂತಿಲ್ಲ. ಅಂಥ ಮನೆಯ ಹುಡುಗಿ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಮೀನಿನ ಕೆಲಸ ಹಿಡಿದಳೆಂದರೆ ಕೇಳಬೇಕೆ! ಅವ್ವ ಫೋನಿನಲ್ಲಿ, "ಮೀನ ಎಣಸಾಕ ಅಷ್ಟ ದೂರ ಹೋಗಬೇಕಿತ್ತೇನ ಗಿರಿಜಾ? ಮಂದಿ ಕೇಳಿದ್ರ ಏನಂತ ಹೇಳ್ಲಿ?" ಅಂದಿದ್ದಳು. ಆಫೀಸ್ ಕೆಲಸ ಅಂತ ಹೇಳು ಅಂದಿದ್ದೆ. ಸುಳ್ಳೇನಲ್ಲ. ಇಂದಿರಾನಗರದಲ್ಲಿ ಕೆರೆಗಳ ಬಗ್ಗೆ ವರದಿ ಬರೆದುಕೊಡುವ ಒಂದು ಸಣ್ಣ ಆಫೀಸಿತ್ತು, ನನಗೆ ಅಲ್ಲಿ ಒಂದು ವರ್ಷದ ಗುತ್ತಿಗೆ. ಕೆ.ಆರ್. ಪುರ ದಾಟಿ ಮುಂದಕ್ಕಿದ್ದ ಒಂದು ಹಳೆಯ ಕೆರೆಯ ನೀರು ಬಿಟ್ಟು ಹೂಳು ತೆಗೆಯುವುದೆಂದು ತೀರ್ಮಾನವಾಗಿತ್ತು. ಅದಕ್ಕೆ ಮೊದಲು ಕೆರೆಯಲ್ಲಿ ಏನೇನಿದೆ ಎಂದು ಪಟ್ಟಿ ಮಾಡಬೇಕು. ಹಕ್ಕಿಗೊಬ್ಬರು, ಗಿಡಕ್ಕೊಬ್ಬರು, ಮೀನಿಗೆ ನಾನು. ನನ್ನ ಫಾರಮ್ಮಿನಲ್ಲಿ ಒಂದು ಕಾಲಂ ಇತ್ತು: ಈ ಕೆರೆಯ ಸ್ವಂತ ಮೀನುಗಳು ಇವೆಯೇ? ಅಂದರೆ ಯಾರೋ ಮರಿ ತಂದು ಬಿಟ್ಟಿದ್ದಲ್ಲ, ತಾವಾಗಿ ಇಲ್ಲೇ ಹುಟ್ಟಿ ಬೆಳೆದದ್ದು. ಇವೆ ಅಂದರೆ ತೂಬಿನ ಪಕ್ಕದ ಆಳದ ಮೂಲೆಗೆ ಮಣ್ಣಿನ ಒಡ್ಡು ಹಾಕಿ, ಕೆಲಸ ಮುಗಿಯುವವರೆಗೆ ಅಲ್ಲಿ ನೀರು ಉಳಿಸಬೇಕು. ಇಲ್ಲ ಅಂದರೆ ಇಡೀ ಕೆರೆ ಒಣಗಿಸಬಹುದು. ಆ ಕಾಲಂ ತುಂಬುವವಳು ನಾನೊಬ್ಬಳೇ.

ವಾರಕ್ಕೆರಡು ದಿನ ಬೆಳಗ್ಗೆ ಆರಕ್ಕೆಲ್ಲ ರೂಮು ಬಿಡುತ್ತಿದ್ದೆ. ಕೆ.ಆರ್. ಪುರದ ತೂಗುಸೇತುವೆಯ ಹತ್ತಿರ ಆ ಹೊತ್ತಿಗೇ ಬಸ್ಸು, ಲಾರಿ, ಆಟೋ ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತಿದ್ದವು. ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ನಡಿಗೆ. ಕೆರೆಯ ಒಂದು ದಡದಲ್ಲಿ ಹದಿನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟು, ಇನ್ನೊಂದು ದಡದಲ್ಲಿ ಮೋರಿಯ ನೀರು ಬಂದು ಬೀಳುವ ಕಾಲುವೆ, ಮೂರನೆಯ ಕಡೆ ಯಾವುದೋ ಕಟ್ಟಡ ಒಡೆದ ಇಟ್ಟಿಗೆ ಸಿಮೆಂಟಿನ ರಾಶಿ. ನಾಲ್ಕನೆಯ ಕಡೆ ಮಾತ್ರ ಹಳೆಯ ಏರಿ, ಏರಿಯ ಮೇಲೆ ಒಂದು ಹೊಂಗೆಮರ. ಹೊಂಗೆಮರದ ಕೊಂಬೆಗೆ ಮುನಿಯಪ್ಪನವರ ತಕ್ಕಡಿ.

ಮುನಿಯಪ್ಪನವರು ಆ ಕೆರೆಯಲ್ಲಿ ತೆಪ್ಪ ಹಾಕಿ ಬಲೆ ಬಿಡುತ್ತಿದ್ದವರು. ಐವತ್ತು ದಾಟಿದ, ಮಾತು ಬಲು ಕಡಿಮೆಯ ಮನುಷ್ಯ. ಅವರ ಪಾಲಿನ ಮಾತನ್ನೂ ಸೇರಿಸಿ ಹೆಂಡತಿ ಸರೋಜಮ್ಮ ಆಡುತ್ತಿದ್ದರು. ನನ್ನ ಜೊತೆ ಕನ್ನಡ, ಗಂಡನ ಜೊತೆ ತೆಲುಗು, ಮೀನು ಒಯ್ಯಲು ಶಿವಾಜಿನಗರದಿಂದ ಗಾಡಿ ತರುವ ಭಾಯ್ ಜೊತೆ ಹಿಂದಿಯಂಥದ್ದೇನೋ, ಯಾರನ್ನಾದರೂ ಬೈಯಬೇಕಾದರೆ ತಮಿಳು. ಮೊದಲ ದಿನವೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟು ಸಣ್ಣ ಇದ್ದೀರಲ್ಲ ಮೇಡಮ್ಮಾ, ಗಾಳಿ ಬಂದ್ರೆ ಕೆರೆಗೇ ಹೋಗ್ತೀರ. ಇಲ್ಲಿ ಬಂದು ಮರ ಹಿಡ್ಕೊಂಡು ನಿಂತ್ಕೊಳ್ಳಿ" ಅಂದಿದ್ದರು.

ಅವರ ಕೆಲಸಕ್ಕೊಂದು ಕ್ರಮವಿತ್ತು. ಸಂಜೆ ಬಿಟ್ಟ ಬಲೆಯನ್ನು ಬೆಳಗ್ಗೆ ಎತ್ತಿ ಏರಿಗೆ ತರುವುದು ಗಂಡಸರು. ದೊಡ್ಡ ಮೀನು ಬಿಡಿಸಿ ತಕ್ಕಡಿಗೆ ಹಾಕುವುದೂ ಅವರೇ. ನಾನು ಅಳತೆ ತೆಗೆದು, ಹೆಸರು ಬರೆದು, ಫೋಟೋ ಹೊಡೆಯುತ್ತಿದ್ದೆ. ಅಷ್ಟಾದ ಮೇಲೆ ಬಲೆ ಹೆಂಗಸರ ಕೈಗೆ. ಸರೋಜಮ್ಮ ಮತ್ತೆ ಅಕ್ಕಪಕ್ಕದ ಮೂವರು ಕೂತು ಬಲೆಗೆ ಸುತ್ತಿಕೊಂಡ ಪಾಚಿ, ಜೊಂಡು ಬಿಡಿಸುತ್ತಿದ್ದರು. ಆ ಕಸದಲ್ಲಿ ಸಿಕ್ಕಿಕೊಂಡ ಚಿಕ್ಕ ಮೀನು, ದಡದ ಜೊಂಡಿನಲ್ಲಿ ಬುಟ್ಟಿಯಿಂದ ಬಾಚಿದ ಮೀನು, ಅಂಗೈಗಿಂತ ಚಿಕ್ಕದು ಏನೇ ಇರಲಿ, ಅದು ಹೆಂಗಸರ ಪಾಲು. ಅದು ತಕ್ಕಡಿಗೆ ಬರುವುದಿಲ್ಲ. ಭಾಯ್ ಕೇಳುವುದಿಲ್ಲ. ಮುನಿಯಪ್ಪನವರು ಆ ಕಡೆ ತಿರುಗಿಯೂ ನೋಡುವುದಿಲ್ಲ. ಅವರ ಅಪ್ಪನ ಕಾಲದಿಂದಲೂ ಹಾಗೇ ಅಂತೆ. ಅದು ಒಂದು ಅಲ್ಯೂಮಿನಿಯಂ ಪಾತ್ರೆಗೆ ಹೋಗಿ, ಮಧ್ಯಾಹ್ನಕ್ಕೆ ಅಲ್ಲೇ ಮೂರು ಕಲ್ಲಿನ ಒಲೆಯ ಮೇಲೆ ಸಾರಾಗುತ್ತಿತ್ತು.

ಮೊದಲ ವಾರ ಸರೋಜಮ್ಮ ಆ ಪಾತ್ರೆ ನನ್ನ ಪಕ್ಕದಲ್ಲೇ ಇಟ್ಟು ಮುಚ್ಚಳ ತೆಗೆದಿದ್ದರು. ಅಲ್ಲಿಯವರೆಗೆ ಕೈಗವಸು ಹಾಕಿಕೊಂಡು ಮೀನು ಮುಟ್ಟಿದ್ದೆ, ಅಳೆದಿದ್ದೆ. ಅದು ಪಾಠ. ಆದರೆ ಖಾರ ಹಚ್ಚಿ ಬೇಯಿಸುವ ಮೀನು ಪಾಠವಲ್ಲ, ಊಟ. ಬಾಯಿಗೆ ಕೈ ಅಡ್ಡ ಹಿಡಿದು ಎದ್ದುಬಿಟ್ಟೆ. ಡಬ್ಬಿಯಲ್ಲಿದ್ದ ರೊಟ್ಟಿ, ಶೇಂಗಾ ಹಿಂಡಿ ಎತ್ತಿಕೊಂಡು ಹತ್ತು ಹೆಜ್ಜೆ ಆಚೆ ಹೋಗಿ, ಬೆನ್ನು ತಿರುಗಿಸಿ ಕೂತೆ. ಮಾರನೆಯ ಸಲದಿಂದ ಪಾತ್ರೆ ನನ್ನ ಕಣ್ಣಿಗೇ ಬೀಳಲಿಲ್ಲ. ಒದ್ದೆ ಬಟ್ಟೆ ಮುಚ್ಚಿ ಏರಿಯ ಆ ಬದಿಗೆ ಇಳಿಸಿಬಿಡುತ್ತಿದ್ದರು. ಒಲೆಯನ್ನೂ ಗಾಳಿ ನನ್ನ ಕಡೆ ಬೀಸದ ಜಾಗಕ್ಕೆ ಸರಿಸಿದರು. ನನಗೆಂದು ಮನೆಯಿಂದ ಬೇರೆ ಲೋಟ ತಂದು, ಬೂದಿ ಹಾಕಿ ತೊಳೆದು, ಮಜ್ಜಿಗೆ ಕೊಡುತ್ತಿದ್ದರು. ಎಂಥ ಒಳ್ಳೆಯ ಜನ ಅಂದುಕೊಂಡು ಕುಡಿಯುತ್ತಿದ್ದೆ.

ಇನ್ನು ನನ್ನ ಕಳ್ಳತನವನ್ನೂ ಹೇಳಿಬಿಡುತ್ತೇನೆ. ಚಿಕ್ಕ ಮೀನಿಗೆಂದೇ ಆಫೀಸಿನವರು ಸಣ್ಣ ಕಣ್ಣಿನ ಕೈಬಲೆ ಕೊಟ್ಟಿದ್ದರು. ಎರಡನೆಯ ವಾರ ಅದು ಒಡೆದ ಕಟ್ಟಡದ ಕಂಬಿಗೆ ಸಿಕ್ಕಿ ಹರಿಯಿತು. ಹೊಸದು ಕೇಳಿದೆ, ಮುಂದಿನ ತಿಂಗಳು ಅಂದರು. ಮುಂದಿನ ತಿಂಗಳು ನಾನೂ ಕೇಳಲಿಲ್ಲ. ಮೋರಿ ನೀರು ಬೆರೆತ ಜೊಂಡಿನೊಳಗೆ ಮೊಣಕಾಲು ಮುಳುಗಿಸಿ ಬಾಚುವುದು ತಪ್ಪಿತಲ್ಲ ಅಂತ ಒಳಗೊಳಗೇ ಖುಷಿಯಾಗಿತ್ತು. ಹೆಂಗಸರ ಪಾತ್ರೆಯಲ್ಲಿ ಇರುವುದು ಜಿಲೇಬಿ ಮೀನಿನ ಮರಿ, ಗೆಂಡೆಯ ಮರಿ ಅಂತ ನನಗೆ ನಾನೇ ಹೇಳಿಕೊಂಡೆ. ಒಂದು ಸಲ, ಒಂದೇ ಒಂದು ಸಲ ಬಟ್ಟೆ ಎತ್ತಿ ನೋಡಿದ್ದರೆ ಆಗುತ್ತಿತ್ತು.

ಆ ಸಲ ಮಳೆ ಚೆನ್ನಾಗಿತ್ತು. ಗಣೇಶನ ಹಬ್ಬ ಮುಗಿದ ಮೇಲೆ ಸಂಜೆ ಸಂಜೆ ಹೊಡೆದ ಮಳೆಗೆ ಕೆರೆ ತುಂಬಿ ಕೋಡಿ ಬಿತ್ತು. ಎಷ್ಟೋ ವರ್ಷದ ಮೇಲೆ ಬಿದ್ದ ಕೋಡಿ ಅಂತ ಸರೋಜಮ್ಮ ಅರಿಶಿನ ಕುಂಕುಮ ತಂದು ಕಲ್ಲಿಗೆ ಹಚ್ಚಿದರು. ಅಪಾರ್ಟ್‌ಮೆಂಟಿನವರು ಛತ್ರಿ ಹಿಡಿದು ವಿಡಿಯೋ ಮಾಡಲು ಬಂದರು. ಹರಿವಿಗೆ ಎದುರಾಗಿ ಹತ್ತುವ ಮೀನಿಗೆ ಜನ ಸೊಳ್ಳೆಪರದೆ, ಬಕೆಟ್ಟು, ಹೆಲ್ಮೆಟ್ಟು ಕೂಡ ಒಡ್ಡಿದರು. ಮುನಿಯಪ್ಪನವರು ಬಾಯಿಬಿಟ್ಟು ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ. ನಾನೂ ಚಪ್ಪಲಿ ಕೈಯಲ್ಲಿ ಹಿಡಿದು ಕೋಡಿಯ ಮೇಲೆ ನಿಂತು ಕೇಕೆ ಹಾಕಿದೆ. ಬೆಂಗಳೂರಿಗೆ ಬಂದ ಮೇಲೆ ಅಷ್ಟು ಸಂತೋಷವಾದ ದಿನ ಇನ್ನೊಂದಿಲ್ಲ.

ಡಿಸೆಂಬರಿಗೆ ಪಟ್ಟಿ ಕೊಟ್ಟೆ. ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ, ಹುಲ್ಲುಗೆಂಡೆ, ಜಿಲೇಬಿ, ಆಫ್ರಿಕಾದ ಕ್ಯಾಟ್‌ಫಿಶ್. ಏಳು ಬಗೆ. ಏಳೂ ಹೊರಗಿನಿಂದ ತಂದು ಬಿಟ್ಟವು ಇಲ್ಲವೇ ಹೇಗೋ ಬಂದು ಸೇರಿಕೊಂಡವು. ಸ್ವಂತ ಮೀನಿನ ಕಾಲಮ್ಮಿನಲ್ಲಿ "ಇಲ್ಲ" ಎಂದು ಬರೆದು ಸಹಿ ಹಾಕಿದೆ. ಆಫೀಸಿನಲ್ಲಿ ನನ್ನ ಮೇಲಿದ್ದವರು ಪ್ರಕಾಶ್ ಸರ್. "ನೀಟಾಗಿದೆ" ಅಂದರು. ಹೊಸ ವರ್ಷ ಹುಟ್ಟುತ್ತಲೇ ತೂಬು ಎತ್ತಿ ನೀರು ಬಿಟ್ಟರು.

ನೀರು ದಿನಾ ಒಂದಿಷ್ಟು ಕೆಳಗಿಳಿಯಿತು. ಮೊದಲು ಒಣಗಿದ್ದು ದಡದ ಜೊಂಡು. ಬೆಳ್ಳಕ್ಕಿಗಳು ನೂರಾರು ಬಂದು ಕೂತವು. ಸಂಕ್ರಾಂತಿಯ ಹಿಂದುಮುಂದಿನ ಒಂದು ಗುರುವಾರ ನಾನು ಕೊನೆಯ ಸಲವೆಂದು ಹೋದೆ, ಎಣಿಸಲಿಕ್ಕಲ್ಲ, ಹೇಳಿ ಬರಲಿಕ್ಕೆ. ಕಂಟ್ರಾಕ್ಟರಿನವರು ಏರಿಯ ಆ ಬದಿಗೆಲ್ಲ ಸಿಮೆಂಟು ಪೈಪು ಇಳಿಸಿದ್ದರು. ಒಲೆ ಹಾಕುವ ಜಾಗ ಹೋಗಿತ್ತು. ಹಾಗಾಗಿ ಸರೋಜಮ್ಮ ಹೊಂಗೆಮರದ ಕೆಳಗೇ, ತಕ್ಕಡಿಯ ಪಕ್ಕದಲ್ಲೇ ಕೂತು ಮೀನು ಶುದ್ಧ ಮಾಡುತ್ತಿದ್ದರು. ನನ್ನನ್ನು ಕಂಡವರೇ ಗಾಬರಿಯಾಗಿ ಸೆರಗಿನಿಂದ ಪಾತ್ರೆ ಮುಚ್ಚಲು ಹೋದರು.

"ಅಯ್ಯೋ, ಹೊತ್ತಿಗೆ ಮುಂಚೆ ಬಂದ್ಬಿಟ್ರಲ್ಲ! ಆ ಕಡೆ ಕೂತ್ಕೊಳ್ಳಿ ಮೇಡಮ್ಮಾ, ಎರಡೇ ನಿಮಿಷ. ನಿಮಗೆ ಹಿತಕಬೇಳೆ ಸಾರು ತಂದಿದ್ದೀನಿ. ರಾತ್ರಿಯೆಲ್ಲ ನೆನೆಹಾಕಿ ಒಂದೊಂದೇ ಹಿಚುಕಿದ್ದು. ಬೇರೆ ಪಾತ್ರೇಲಿ ಮಾಡಿದ್ದೀನಿ, ಏನೂ ಯೋಚ್ನೆ ಮಾಡ್ಬೇಡಿ."

ಸೆರಗು ಪೂರ್ತಿ ಮುಚ್ಚಿರಲಿಲ್ಲ. ನನ್ನ ಕಣ್ಣು ಒಳಗೆ ಹೋಯಿತು. ಬಾಲದ ಹತ್ತಿರ ಕಪ್ಪು ಚುಕ್ಕೆಯ ಪಕ್ಕೆ ಮೀನು, ಮೈಮೇಲೆ ಪಟ್ಟೆಯಿರುವ ಇನ್ನೊಂದು ಪಕ್ಕೆ, ಉದ್ದ ಮೀಸೆಯ ಗಿರ್ಲು, ನೆಲಕ್ಕಂಟಿಕೊಂಡು ಬದುಕುವ ದಪ್ಪ ತಲೆಯದ್ದು. ಎಂ.ಎಸ್ಸಿ.ಯಲ್ಲಿ ಬಾಟಲಿಯೊಳಗೆ ನೋಡಿದ್ದವೆಲ್ಲ ಖಾರ ಹಚ್ಚಿಸಿಕೊಳ್ಳಲು ಕಾಯುತ್ತಿದ್ದವು.

"ಇವು ಎಲ್ಲಿಂದ ಬಂದ್ವು?"

"ಎಲ್ಲಿಂದ ಅಂದ್ರೆ? ಕೆರೇದೇ."

"ಯಾವಾಗಿಂದ ಅದಾವು?"

"ಯಾವಾಗ್ಲೂ ಇದ್ವಲ್ಲ. ನಾನು ಮದುವೆಯಾಗಿ ಬಂದಾಗಿಂದ ಇದನ್ನೇ ತಿಂತಾ ಇರೋದು."

ಸಿಟ್ಟು ಬಂದರೆ ನನಗೆ ಬೆಂಗಳೂರಿನ ಮಾತು ಮರೆತುಹೋಗುತ್ತದೆ. "ಮತ್ತ ಯಾಕ ತೋರಸ್ಲಿಲ್ರೀ ನನಗ? ಏಳು ತಿಂಗಳಾತು ಇಲ್ಲೇ ಕುಂತೀನಿ! ನಾ ಏನ್ ಬೆಕ್ಕೇನು, ಕದ್ದು ತಿಂತೀನಂತ ಮುಚ್ಚಿ ಇಟ್ಟಿದ್ರೇನು?" ಅಂತ ಕಿರುಚಿದೆ. ಉಳಿದ ಮೂವರು ಹೆಂಗಸರು ಕೈಕೆಲಸ ಬಿಟ್ಟು ನೋಡಿದರು.

ಸರೋಜಮ್ಮನ ಮುಖ ಬಾಡಿತು. "ನಿಮಗೆ ಆಗಲ್ವಲ್ಲ ಮೇಡಂ. ಅವತ್ತು ವಾಂತಿ ಬರೋ ಹಂಗೆ ಎದ್ದು ಹೋದ್ರಿ. ಊಟದ ಹೊತ್ತಲ್ಲಿ ನಿಮ್ಮ ಮನಸ್ಸು ಯಾಕೆ ಕೆಡಿಸ್ಬೇಕು ಅಂತ ಬಟ್ಟೆ ಮುಚ್ಚಿ ಇಟ್ಟೆ" ಅಂದರು. "ನೀವು ಕೇಳ್ಲೂ ಇಲ್ಲ" ಅಂತ ಮೆಲ್ಲಗೆ ಸೇರಿಸಿದರು.

ಕೈಗವಸು ಚೀಲದಲ್ಲಿತ್ತು, ತೆಗೆಯಬೇಕೆನಿಸಲಿಲ್ಲ. ಬರಿಗೈಯನ್ನೇ ಪಾತ್ರೆಗೆ ಹಾಕಿ, ಒಂದೊಂದೇ ತೆಗೆದು, ಹಿತಕಬೇಳೆಯ ಡಬ್ಬಿಗೆ ಸುತ್ತಿದ್ದ ಬಾಳೆಲೆಯ ಮೇಲೆ ಬೇರೆ ಬೇರೆ ಇಟ್ಟೆ. ಹತ್ತು ಬಗೆ. ತಳದಲ್ಲಿ ಹನ್ನೊಂದನೆಯದು ಒಂದೇ ಒಂದು ಸಿಕ್ಕಿತು. ಬದುಕಿದ್ದಾಗ ಅದರ ಮೈ ಗಾಜಿನ ಹಾಗೆ, ಒಳಗಿನ ಮುಳ್ಳು ಹೊರಗಿನಿಂದಲೇ ಎಣಿಸಬಹುದು. ಇದು ಮಾತ್ರ ಉಪ್ಪಿನಲ್ಲಿ ಉಜ್ಜಿಸಿಕೊಂಡು, ಹೊಟ್ಟೆ ತೆಗೆಸಿಕೊಂಡು, ತಲೆ ಚಿವುಟಿಸಿಕೊಂಡು ಬೆಳ್ಳಗಾಗಿತ್ತು. ಮೈಯ ಆಕಾರ ನೋಡಿ ನಾನು ಗುರುತು ಹಿಡಿದೆನೇ ಹೊರತು ಇನ್ನೊಬ್ಬರಿಗೆ ತೋರಿಸುವಂತಿರಲಿಲ್ಲ.

"ಇದು ದಿನಾ ಸಿಗಲ್ಲ. ಜೊಂಡಿನ ಒಳಗಡೆ ಇರುತ್ತೆ" ಅಂದರು ಸರೋಜಮ್ಮ, ನನ್ನ ಮುಖ ನೋಡದೆ. ಜೊಂಡು ಒಣಗಿ ಆಗಲೇ ವಾರವಾಗಿತ್ತು.

ಹಿತಕಬೇಳೆ ಸಾರು ತಿನ್ನದೆ ಹೊರಟುಬಿಟ್ಟೆ. ಥೂ, ಎಂಥ ಹೆಣ್ಣು ನಾನು! ಬಸ್ಸಿನಲ್ಲಿ ಕೈ ಮೂಸಿ ನೋಡಿಕೊಂಡು ಅತ್ತೆ. ಪಕ್ಕದ ಸೀಟಿನ ಹೆಂಗಸು ಎದ್ದು ಬೇರೆ ಕಡೆ ಕೂತಳು.

ಇಂದಿರಾನಗರದ ಆಫೀಸಿಗೆ ನೇರವಾಗಿ ಹೋಗಿ ಪ್ರಕಾಶ್ ಸರ್ ಮುಂದೆ ನಿಂತೆ. "ಸರ್, ನನ್ನ ಪಟ್ಟಿ ತಪ್ಪು. ಸ್ವಂತ ಮೀನು ಇವೆ. ಹನ್ನೊಂದು ಬಗೆ."

ಅವರು ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು. ಇಡೀ ಕಥೆ ಕೇಳಿದರು. "ನೀನು ತಿನ್ನಲ್ಲ ಅಂತ ಲಿಸ್ಟನ್ನೂ ವೆಜಿಟೇರಿಯನ್ ಮಾಡ್ಬಿಟ್ಯಲ್ಲಮ್ಮ" ಅಂದರು. ಬೇರೆ ಸಮಯವಾಗಿದ್ದರೆ ನಾನೂ ನಗುತ್ತಿದ್ದೆ. ಆಮೇಲೆ ನಿಧಾನಕ್ಕೆ, "ನೋಡು ಗಿರಿಜಾ, ಸೋಮವಾರ ಜೆಸಿಬಿ ಇಳಿಯುತ್ತೆ. ಬಾಯಿಮಾತಲ್ಲಿ ನಿಲ್ಸು ಅಂದ್ರೆ ಯಾರೂ ನಿಲ್ಸಲ್ಲ. ಮೀನು ತಂದು ತೋರಿಸ್ಬೇಕು, ಒಂದೊಂದು ಬಗೇದೂ. ಆಮೇಲೆ, ಮೊದಲನೇ ಲಿಸ್ಟ್ ಯಾಕೆ ತಪ್ಪಾಯ್ತು ಅಂತ ಬರೆದುಕೊಡ್ಬೇಕಾಗುತ್ತೆ. ಯಾರ ತಪ್ಪು ಅಂತ ಬರೀತೀಯ?"

"ನಂದು."

"ಹಾಗೆ ಬರೆದ್ರೆ ನಿನ್ನ ಗುತ್ತಿಗೆ ಮುಂದುವರಿಸಿ ಅಂತ ನಾನು ಕೇಳೋಕಾಗಲ್ಲ. ಬಲೆ ಕೊಡ್ಲಿಲ್ಲ ಅಂತ ಬೇಕಾದ್ರೆ ಬರಿ. ಅದೂ ನಿಜಾನೇ."

ಬಲೆಯ ವಿಷಯವನ್ನೂ ಬರೆದೆ. ಬಲೆ ಹರಿದ ಮೇಲೆ ಎರಡನೆಯ ಸಲ ಕೇಳಲಿಲ್ಲ, ದಡಕ್ಕಿಳಿಯಲಿಲ್ಲ, ಹೆಂಗಸರು ಹಿಡಿದದ್ದನ್ನು ನೋಡಲಿಲ್ಲ ಅಂತಲೂ ಬರೆದೆ. ಅಲ್ಲೇ ಕೂತು ಸಹಿ ಹಾಕಿ ಕೊಟ್ಟುಬಂದೆ. ಅವ್ವನಿಗೆ ಏನು ಹೇಳುವುದು ಅನ್ನುವ ಯೋಚನೆ ರೂಮಿಗೆ ಬಂದ ಮೇಲೆ ಹತ್ತಿತು.

ಶುಕ್ರವಾರ ಬೆಳಗ್ಗೆ ಏರಿಗೆ ಹೋದಾಗ ಸರೋಜಮ್ಮ ಬಲೆ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ. ಮಾತಾಡುವ ಜನ ಸುಮ್ಮನಿದ್ದರೆ ತಡೆಯುವುದು ಕಷ್ಟ. ಅವರ ಎದುರಿಗೆ ಕೆಸರಲ್ಲೇ ಕೂತೆ. "ಅಕ್ಕ, ತಪ್ಪಾಯ್ತು" ಅಂದೆ. ಅಲ್ಲಿಯವರೆಗೆ ನಾನು ಅವರನ್ನು ಏನೂ ಕರೆದಿರಲಿಲ್ಲ. ಇಲ್ಲಿ ನೋಡಿ, ಕೇಳಿ ಅಂತಲೇ ಏಳು ತಿಂಗಳು ತಳ್ಳಿದ್ದೆ. "ನನ್ನ ತಪ್ಪಿಗೆ ನಿಮ್ಮ ಮ್ಯಾಲೆ ಒದರಿದೆ. ನೀವು ತಿನ್ನೋ ಮೀನು ಇಲ್ಲ ಅಂತ ನಾ ಬರಕೊಟ್ಟೀನಿ. ಸೋಮವಾರದೊಳಗ ಇದಾವು ಅಂತ ತೋರಿಸ್ಲಿಲ್ಲ ಅಂದ್ರ ತೂಬಿನ ಮೂಲೀನೂ ಒಣಗಿಸ್ತಾರ. ಒಂದೂ ಉಳಿಯೂದಿಲ್ಲ."

ಅವರು ಬಲೆ ಕೆಳಗಿಟ್ಟರು. "ಇಲ್ಲ ಅಂತ ಬರೆದ್ರಾ? ಹೆಂಗೆ ಬರೆದ್ರಿ? ನಾವು ಇಷ್ಟು ಜನ ಇಲ್ಲಿ ಕೂತು ತಿಂತಿದ್ವಿ!" ಅಂದರು. ಸಿಟ್ಟಿಗಿಂತ ಅದರಲ್ಲಿ ಆಶ್ಚರ್ಯವೇ ಹೆಚ್ಚಿತ್ತು. ಆಮೇಲೆ ಉಳಿದವರ ಕಡೆ ತಿರುಗಿ ತೆಲುಗಿನಲ್ಲಿ ಏನೋ ಜೋರಾಗಿ ಹೇಳಿದರು. ಮೂವರೂ ಎದ್ದರು. ಒಬ್ಬಾಕೆ ಮನೆಗೆ ಹೋಗಿ ಎರಡು ಹಳೆಯ ಸೀರೆ, ಒಂದು ನೈಟಿ ತಂದಳು. ನೈಟಿ ನನಗೆ.

ಸೀರೆಯೇ ಬಲೆ. ಇಬ್ಬರು ಎರಡು ತುದಿ ಹಿಡಿದು, ಅಂಚನ್ನು ಪಾದದಿಂದ ನೆಲಕ್ಕೆ ಒತ್ತಿಕೊಂಡು, ನೀರಿನಲ್ಲಿ ಬಾಗಿ ನಡೆಯಬೇಕು. ಕೆರೆಯಲ್ಲಿ ಉಳಿದಿದ್ದ ನೀರೆಲ್ಲ ತೂಬಿನ ಹತ್ತಿರ ಬಂದು ನಿಂತಿತ್ತು, ಸೊಂಟದ ಮಟ್ಟ. ಜನವರಿಯ ಚಳಿಗೆ ಕಾಲು ಮರಗಟ್ಟುತ್ತಿತ್ತು. ಸರೋಜಮ್ಮ ಒಂದು ತುದಿ, ನಾನು ಇನ್ನೊಂದು. ನಾನು ಎರಡು ಸಲ ಜಾರಿ ಮುಳುಗಿ ಎದ್ದೆ. "ಕುಡೀಬೇಡಿ, ನಿಮ್ಮ ನೀರಲ್ಲ ಅದು, ಅಪಾರ್ಟ್‌ಮೆಂಟೋರ್ದು" ಅಂತ ಅವರು ನಕ್ಕಾಗ ನನಗೆ ಹೋದ ಜೀವ ಬಂದಂತಾಯಿತು.

ಮೂರು ದಿನ ಆ ಹೆಂಗಸರು ತಮ್ಮ ಪಾಲು ತಿನ್ನಲಿಲ್ಲ. ಹಿಡಿದದ್ದನ್ನೆಲ್ಲ ಜೀವಂತವಾಗಿ ಡ್ರಮ್ಮಿಗೆ ಬಿಟ್ಟರು. ಮಧ್ಯಾಹ್ನ ಬರೀ ಮುದ್ದೆ, ನನ್ನ ಶೇಂಗಾ ಹಿಂಡಿ. ಮುನಿಯಪ್ಪನವರು ಏನೂ ಕೇಳದೆ, ಡ್ರಮ್ಮಿನ ನೀರನ್ನು ಗಂಟೆಗೊಮ್ಮೆ ಬದಲಾಯಿಸುತ್ತಿದ್ದರು. ಶನಿವಾರದ ಹೊತ್ತಿಗೆ ಎಂಟು ಬಗೆ, ಭಾನುವಾರ ಮಧ್ಯಾಹ್ನಕ್ಕೆ ಹತ್ತು. ಗಾಜಿನ ಮೀನು ಮಾತ್ರ ಬರಲಿಲ್ಲ. ಉಳಿದವರು ದಣಿದು ಮನೆಗೆ ಹೋದರು. ಸರೋಜಮ್ಮ ಹೋಗಲಿಲ್ಲ. ಒಂದು ಬುಟ್ಟಿ ಹಿಡಿದು ಒಣಗಿದ ಜೊಂಡಿನ ನಡುವೆ ಅಲ್ಲಲ್ಲಿ ನಿಂತ ಗುಂಡಿಗಳನ್ನೆಲ್ಲ ಬಾಚಿದರು. ಬೆಳ್ಳಕ್ಕಿಗಳು ಅವರಿಗಿಂತ ಮೊದಲೇ ಬಾಚಿದ್ದವು. "ಬನ್ನಿ ಅಕ್ಕ, ಸಾಕು" ಅಂತ ನಾನು ಎಷ್ಟು ಕೂಗಿದರೂ ಇನ್ನೊಂದು, ಇನ್ನೊಂದು ಅನ್ನುತ್ತಲೇ ಹೊತ್ತು ಮುಳುಗಿತು.

ಸೋಮವಾರ ಪ್ರಕಾಶ್ ಸರ್, ಅವರ ಜೊತೆ ಕೆರೆಯ ಕೆಲಸ ನೋಡಿಕೊಳ್ಳುವ ಎಂಜಿನಿಯರ್ ಒಬ್ಬರು ಬಂದರು. ಡ್ರಮ್ಮಿನಲ್ಲಿದ್ದ ಹತ್ತು ಬಗೆಯನ್ನೂ ಗಾಜಿನ ಜಾಡಿಗೆ ಹಾಕಿ ಒಂದೊಂದಾಗಿ ತೋರಿಸಿದೆ. ಎಂಜಿನಿಯರು ಜಾಡಿಯನ್ನು ಬಿಸಿಲಿಗೆ ಹಿಡಿದು, "ಇದೆಲ್ಲ ಇಲ್ಲಿತ್ತೇನ್ರೀ?" ಅಂತ ಮಗುವಿನಂತೆ ಕೇಳಿದರು. ಕೆಟ್ಟವರು ಯಾರೂ ಇರಲಿಲ್ಲ ಈ ಕಥೆಯಲ್ಲಿ, ಅದೇ ನನಗೆ ಇವತ್ತಿಗೂ ಕಷ್ಟ. ತೂಬಿನ ಮೂಲೆ ಉಳಿಸುವುದೆಂದಾಯಿತು. ಅಂದೇ ಜೆಸಿಬಿಯಿಂದ ಮಣ್ಣಿನ ಒಡ್ಡು ಹಾಕಿಸಿದರು. ನಾವು ಡ್ರಮ್ಮನ್ನು ಅದರೊಳಗೆ ಬೋರಲು ಹಾಕಿದೆವು. ಹೊಸ ಪಟ್ಟಿಯಲ್ಲಿ ಹತ್ತು ಹೆಸರು ಬರೆದು ಹನ್ನೊಂದನೆಯದಕ್ಕೆ ಪೆನ್ನು ಊರಿದಾಗ ಪ್ರಕಾಶ್ ಸರ್ ತಡೆದರು. "ಸ್ಯಾಂಪಲ್ ಇಲ್ಲ, ಫೋಟೋ ಇಲ್ಲ. ಬರೆಯೋ ಹಾಗಿಲ್ಲಮ್ಮ." ಮಾರ್ಚಿಗೆ ನನ್ನ ಗುತ್ತಿಗೆ ಮುಗಿಯಿತು. ಈಗ ನೀರು ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿದ್ದೇನೆ. ಬಾಟಲಿಯಲ್ಲಿ ಬಂದ ನೀರು ನೋಡುತ್ತೇನೆ, ಕೆರೆ ನೋಡುವುದಿಲ್ಲ.

ಆ ಗಾಜಿನ ಮೀನು ಲೋಕದಲ್ಲೇ ಇಲ್ಲವೆಂದಲ್ಲ. ಬೇರೆ ಕೆರೆಗಳಲ್ಲಿದೆ, ಅಕ್ವೇರಿಯಂ ಅಂಗಡಿಯಲ್ಲೂ ಮಾರುತ್ತಾರೆ. ರೇಣುಕಾಗೆ ಒಮ್ಮೆ ಹೇಳಿದ್ದಕ್ಕೆ, "ಹತ್ತು ತಂದು ಬಿಟ್ರಾತಲ್ಲ, ಅದಕ್ಕಿಷ್ಟ ಯಾಕ ಅಳ್ತಿ?" ಅಂದಿದ್ದಳು. ಎಲ್ಲೋ ಸಿಗುವುದು ಬೇರೆ, ಇಲ್ಲೇ ಹುಟ್ಟಿ ಎಷ್ಟು ತಲೆಮಾರು ಈ ಕೆರೆಯಲ್ಲೇ ಬದುಕಿದ್ದು ಬೇರೆ. ಅವಳಿಗೆ ಹೇಗೆ ತಿಳಿಸುವುದೋ ಗೊತ್ತಾಗಲಿಲ್ಲ.

ಮಾರ್ಕೆಟ್ಟಿಗೆ ಹೋಗಿ ಬಂದ ಮಾರನೆಯ ದಿನ ಲ್ಯಾಬಿಗೆ ರಜೆ ಹೇಳಿ ಕೆರೆಗೆ ಹೋದೆ. ಮೂರು ವರ್ಷದಲ್ಲಿ ಹೋಗಿರಲಿಲ್ಲ, ಮುಖವಿರಲಿಲ್ಲ. ಕೆರೆ ತುಂಬಿತ್ತು. ಸುತ್ತ ಬೇಲಿ, ನಡೆಯುವವರಿಗೆ ದಾರಿ, ಕಲ್ಲಿನ ಬೆಂಚು. ಹೊಸ ಜೊಂಡು ಬೆಳೆದಿತ್ತು. ಸರೋಜಮ್ಮ ಬಲೆ ಬಿಡಿಸುತ್ತ ಕೂತಿದ್ದರು, ಪಕ್ಕದಲ್ಲಿ ಪಾತ್ರೆ ತೆರೆದೇ ಇತ್ತು. ನನ್ನನ್ನು ನೋಡಿ, "ಬಂದ್ಯೇನಮ್ಮ!" ಅಂದರು. ಮೇಡಮ್ಮ ಹೋಗಿತ್ತು. ಕೈ ಒರೆಸಿಕೊಂಡು ನನ್ನ ಕೆನ್ನೆ ಮುಟ್ಟಿದರು. ಹತ್ತೂ ಬಗೆ ಸಿಗುತ್ತಿವೆ ಅಂದರು. ಯಾರಾದರೂ ಫಾರಂ ಹಿಡಿದು ಬಂದರೆ ಮೊದಲು ಪಾತ್ರೆ ತಂದು ಅವರ ಮೂಗಿನ ಕೆಳಗಿಡುತ್ತಾರಂತೆ, ತಿನ್ನುವವರೋ ಬಿಡುವವರೋ ಕೇಳುವುದಿಲ್ಲವಂತೆ.

"ಆ ಇನ್ನೊಂದು?" ಅಂದೆ.

ಸರೋಜಮ್ಮ ತಲೆಯಾಡಿಸಿದರು. "ದಿನಾ ನೋಡ್ತೀನಿ. ಒಂದೊಂದು ಕಡ್ಡೀನೂ ಬಿಡಿಸಿ ನೋಡ್ತೀನಿ." ಬಲೆಯಿಂದ ಒಂದು ಕಡ್ಡಿ ಕಿತ್ತು ಎಸೆದರು. "ಅವತ್ತು ಅದರ ತಲೆ ಚಿವುಟಿದ್ದು ನಾನೇ ಅಲ್ವಾ. ನೀನು ಹತ್ತು ನಿಮಿಷ ಮುಂಚೆ ಬಂದಿದ್ರೆ, ಇಲ್ಲಾ ನಾನು ಅದನ್ನ ಕೊನೇಗೆ ತಗೊಂಡಿದ್ರೆ ಬರೆಯೋಕಾದ್ರೂ ಆಗ್ತಿತ್ತು. ಮಲಗಿದ್ರೆ ಅದೇ ಜ್ಞಾಪಕ ಬರುತ್ತೆ ಕಣಮ್ಮ."

ಮೂರು ವರ್ಷ ನಾನು ಈ ಪಾಪ ನನ್ನದೆಂದು ಹೊತ್ತುಕೊಂಡು ತಿರುಗಿದ್ದೆ. ಇಲ್ಲಿ ಈಕೆ ತಮ್ಮದೆಂದು ದಿನಾ ಜೊಂಡು ಬಿಡಿಸುತ್ತ ಕೂತಿದ್ದಾರೆ. "ಅಕ್ಕ, ನಿಮ್ಮದಲ್ಲ. ಏಳು ತಿಂಗಳು ನನ್ನ ಬೆನ್ನ ಹಿಂದೇನೇ ಇತ್ತು. ತಿರುಗಿ ನೋಡ್ಲಿಲ್ಲ ನಾನು" ಅಂದೆ. ಅವರು ಒಪ್ಪಲಿಲ್ಲ. ಬಟ್ಟೆ ಮುಚ್ಚಿದ್ದು ಯಾರು ಅಂದರು. ಇಬ್ಬರೂ ಕಣ್ಣೊರೆಸಿಕೊಂಡೆವು, ಇಬ್ಬರ ಕೈಯೂ ಮೀನಿನದೇ.

ಆಮೇಲೆ ನಾನೊಂದು ಪ್ರಶ್ನೆ ಕೇಳಿದೆ. ಪಟ್ಟಿಗೆ ಸೇರದ, ಈ ಕೆರೆಯದೇ ಆದ ಆ ಮೀನಿನ ಬಗ್ಗೆ ಏನಾದರೂ ಬಲ್ಲವರಿದ್ದರೆ ಇವರೇ. "ಅದರ ರುಚಿ ಹೆಂಗಿತ್ತು ಅಕ್ಕ?"

ಸರೋಜಮ್ಮ ತುಂಬಾ ಹೊತ್ತು ನೆನಪು ಮಾಡಿಕೊಂಡರು.

"ಗೊತ್ತಿಲ್ಲಮ್ಮ" ಅಂದರು. "ಒಂದೋ ಎರಡೋ ಸಿಗ್ತಿತ್ತು, ಎಲ್ಲದರ ಜೊತೆ ಹಾಕಿ ಬೇಯಿಸ್ಬಿಡ್ತಿದ್ವಿ. ಅದನ್ನೇ ಬೇರೆ ತೆಗೆದು ಯಾವತ್ತೂ ತಿಂದು ನೋಡ್ಲಿಲ್ಲ."